ಕಟ್ಟಿದವರಿಗೆ ಲೆಕ್ಕ ಬೇಕು

ಬೆಂಗಳೂರಿನ ಆಸ್ತಿ ತೆರಿಗೆ ರಶೀದಿಯನ್ನು ಒಮ್ಮೆ ಪೂರ್ತಿ ಓದಿ. ತೆರಿಗೆಯ ಮೇಲೆ ಆರೋಗ್ಯ ಉಪಕರ, ಗ್ರಂಥಾಲಯ ಉಪಕರ, ಭಿಕ್ಷುಕರ ಉಪಕರ. ಗ್ರಂಥಾಲಯದ ಹೆಸರಲ್ಲಿ ವಸೂಲಾದ ಹಣವನ್ನು ಪಾಲಿಕೆ ಗ್ರಂಥಾಲಯ ಇಲಾಖೆಗೆ ಪೂರ್ತಿ ಕೊಡದೆ ಬಾಕಿ ಉಳಿಸಿಕೊಂಡಿದೆ ಎಂಬ ದೂರು ಎಷ್ಟೋ ವರ್ಷಗಳದ್ದು. ನಾವು ತಡಮಾಡಿದರೆ ಬಡ್ಡಿ ಬೀಳುತ್ತದೆ. ಈ ಬಾಕಿಗೆ ಹೊಣೆ ಯಾರೆಂದು ಕೇಳಲು ನಮಗೊಂದು ಜಾಗವಿಲ್ಲ.

ಆ ಜಾಗಕ್ಕಾಗಿ ನಾವು ಒಟ್ಟಾಗಿದ್ದೇವೆ.

ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಮುಂದೆ 2021ರಿಂದ 2025ರವರೆಗಿನ ಐದೂ ಬಜೆಟ್‌ಗಳನ್ನು ಅಧಿಕಾರಿಗಳೇ ಬರೆದರು, ಅಧಿಕಾರಿಗಳೇ ಮಂಡಿಸಿದರು. ಐದನೆಯದು 19,900 ಕೋಟಿ ರೂಪಾಯಿ ದಾಟಿತ್ತು. ಎದ್ದು ನಿಂತು ‘ಇದು ಬೇಡ’ ಎನ್ನಲು ಒಬ್ಬ ಕಾರ್ಪೊರೇಟರ್ ಕೂಡ ಇರಲಿಲ್ಲ. ಚುನಾವಣೆ ಬೇಕೇ ಬೇಕು. ಅದೊಂದೇ ಸಾಲದು ಎನ್ನುವುದನ್ನೂ ಕಂಡಿದ್ದೇವೆ: 2018ರ ಮಾರ್ಚ್‌ನಲ್ಲಿ ನಾವೇ ಆರಿಸಿದ ಲೋಕಸಭೆ ಗದ್ದಲದ ನಡುವೆ ಕೇಂದ್ರ ಬಜೆಟ್ಟನ್ನು ಚರ್ಚೆಯಿಲ್ಲದೆ ಒಪ್ಪಿತು.

ತೆರಿಗೆದಾರರೆಂದರೆ ಆಸ್ತಿ ಖಾತೆ ಇರುವವರಷ್ಟೇ ಅಲ್ಲ. ಸೋಪಿಗೆ ಜಿಎಸ್‌ಟಿ ಕೊಡುವ ಪೌರಕಾರ್ಮಿಕರು, ಮಾಲೀಕರ ತೆರಿಗೆಯನ್ನು ಬಾಡಿಗೆಯಲ್ಲಿ ಹೊರುವ ಬಾಡಿಗೆದಾರರು, ಎಲ್ಲರೂ ಕಟ್ಟುತ್ತಿದ್ದಾರೆ. ಹೆಚ್ಚು ಕಟ್ಟಿದವರ ಮಾತೇ ಹೆಚ್ಚು ನಡೆಯಬೇಕು ಎನ್ನುವವರಿಗೆ ಈ ಚಳವಳಿಯಲ್ಲಿ ಸ್ಥಾನವಿಲ್ಲ.

ಲೆಕ್ಕ ಕೇಳುವ ದಾರಿ ತೋರಿದವರು ರಾಜಸ್ಥಾನದ ಕೂಲಿಕಾರರು. 1990ರ ದಶಕದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಹಾಜರಿ ಪಟ್ಟಿ, ಬಿಲ್ಲುಗಳನ್ನು ಊರ ಜನರೆದುರು ಗಟ್ಟಿಯಾಗಿ ಓದಿಸಿತು. ಕೆಲಸಕ್ಕೇ ಹೋಗದವರ, ಸತ್ತವರ ಹೆಸರಲ್ಲಿ ಕೂಲಿ ಬರೆದದ್ದು ಅಲ್ಲೇ ಬಯಲಾಯಿತು. 2005ರ ಮಾಹಿತಿ ಹಕ್ಕು ಕಾಯ್ದೆಯ ಬೇರು ಆ ಸಭೆಗಳಲ್ಲಿದೆ.

ನಮ್ಮ ವಾರ್ಡುಗಳಲ್ಲೂ ಹಾಗೆಯೇ ಓದಬೇಕು. ಪ್ರತಿ ಕಾಮಗಾರಿಯ ಅಂದಾಜು, ಗುತ್ತಿಗೆ ಮೊತ್ತ, ಅಳತೆ ಪುಸ್ತಕದಲ್ಲಿ ಎಂಜಿನಿಯರ್ ಬರೆದ ಉದ್ದ, ಅಗಲ, ದಪ್ಪ, ಎಲ್ಲವೂ ಕನ್ನಡದಲ್ಲಿ, ಕೂಲಿಗೆ ಹೋದವರು ಮನೆಗೆ ಮರಳಿದ ಮೇಲಿನ ಹೊತ್ತಿನಲ್ಲಿ. ಚರಂಡಿಯನ್ನು ಟೇಪು ಹಿಡಿದು ಅಳೆದ ನಿವಾಸಿಗಳು ಸಹಿ ಹಾಕದೆ ಗುತ್ತಿಗೆದಾರರ ಬಿಲ್ ಪಾಸಾಗಕೂಡದು. ಸಂವಿಧಾನದ 243ಎಸ್ ವಿಧಿ ವಾರ್ಡ್ ಸಮಿತಿ ಇರಬೇಕೆನ್ನುತ್ತದೆ. ಬಜೆಟ್ಟಿನ ಒಂದು ಪಾಲನ್ನು ಎಲ್ಲಿಗೆ ಹಾಕಬೇಕೆಂದು ತೀರ್ಮಾನಿಸುವ ಅಧಿಕಾರವೂ ಆ ಸಮಿತಿಗೆ ಸಿಗಬೇಕು. ಬರೀ ಸಲಹೆ ಕೇಳಿ ಕಳಿಸುವ ಸಭೆಗೆ ನಾವು ಬರುವುದಿಲ್ಲ.

ಬಜೆಟ್ ಮಂಡನೆಯಾಗುವ ಹೊತ್ತಿಗೆ ಕಾಮಗಾರಿಗಳ ಪಟ್ಟಿ ಎಂದೋ ಸಿದ್ಧವಾಗಿರುತ್ತದೆ. ಆದ್ದರಿಂದ ಡಿಸೆಂಬರ್‌ನಲ್ಲೇ ವಾರ್ಡ್ ಕಚೇರಿಗೆ ಹೋಗುತ್ತೇವೆ. ಬರುವವರು ತಮ್ಮ ಬೀದಿಗೆ ಬೇಕಾದ ಒಂದು ಕೆಲಸ, ಬೇಡವಾದ ಒಂದು ಕೆಲಸ ಬರೆದು ತನ್ನಿ.