ಫ್ಯಾಂಟಮ್ ಫೈಲಿಗೆ, ಪತ್ರಿಕೆ ರದ್ದಿಗೆ

ಹಳೇ ಕಾಮಿಕ್ಸ್ ಕೂಡಿಸುವ ಹುಚ್ಚಿನ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಕತ್ತರಿಯ ಬಗ್ಗೆ. ರದ್ದಿ ಅಂಗಡಿಯಲ್ಲಿ ಗಂಟು ಬಿಚ್ಚಿ, ಹಳೇ ‘ಸುಧಾ’ ಸಿಕ್ಕರೆ ಫ್ಯಾಂಟಮ್ ಪುಟವನ್ನಷ್ಟೇ ಕತ್ತರಿಸಿ ಫೈಲಿಗೆ ಹಾಕಿ, ಉಳಿದದ್ದನ್ನು ಮತ್ತೆ ತಕ್ಕಡಿಗೆ ಎಸೆಯುವುದು ಸಂಗ್ರಹವಲ್ಲ. ಅದು ಪತ್ರಿಕೆಯನ್ನು ಹಾಳು ಮಾಡುವ ಕೆಲಸ.

ಫ್ಯಾಂಟಮ್ ಸಣ್ಣ ಆಸಾಮಿಯಲ್ಲ. ಲೀ ಫಾಕ್ 1936ರಲ್ಲಿ ಅವನನ್ನು ಪತ್ರಿಕೆಗೆ ತಂದಾಗ ಸೂಪರ್‌ಮ್ಯಾನ್ ಇನ್ನೂ ಅಚ್ಚಾಗಿರಲಿಲ್ಲ. 1964ರಲ್ಲಿ ಟೈಮ್ಸ್ ಬಳಗ ಆರಂಭಿಸಿದ ಇಂದ್ರಜಾಲ ಕಾಮಿಕ್ಸ್ ಕನ್ನಡದಲ್ಲೂ ಬಂತು. ‘ಬೆಂಗಾಲಿ’ ಅಂದರೆ ನಮ್ಮ ಬಂಗಾಳ ಎಂದು ಓದುಗರು ತಿಳಿದಾರೆಂದು ಅವನ ನಾಡನ್ನು ಅಲ್ಲಿ ‘ಡೆಂಕಾಲಿ’ ಮಾಡಿದರು. ಇಂಥ ತಿದ್ದುಪಡಿ ಯಾವಾಗ, ಯಾರ ಕೈಯಲ್ಲಿ ಆಯಿತು ಎಂದು ಹುಡುಕಬೇಕಾದರೆ ತಾರೀಖು, ಬೆಲೆ, ಸಂಪಾದಕರ ಹೆಸರು ಇರುವ ಪುಟಗಳೂ ಬೇಕು. ಕತ್ತರಿಸಿದ ತುಂಡಿಗೆ ಹೆಸರೂ ಇಲ್ಲ, ಊರೂ ಇಲ್ಲ.

ಇನ್ನು ದಿನಪತ್ರಿಕೆಯ ಪಟ್ಟಿ ಕತ್ತರಿಸುವವರು ಒಮ್ಮೆ ಅದರ ಬೆನ್ನಿಗೆ ಏನಿದೆ ನೋಡಲಿ. ಹುಕ್ಕೇರಿ ತಾಲ್ಲೂಕಿನಲ್ಲಿ ಹಿಡಕಲ್ ಜಲಾಶಯಕ್ಕೆ ಊರುಗಳು ಮುಳುಗಿದ್ದು, ಗೋಕಾಕ ಮಿಲ್ಲಿನ ಕಾರ್ಮಿಕರ ಸುದ್ದಿ, ಮೂಡಲಗಿ ತಾಲ್ಲೂಕಿಗಾಗಿ ನಡೆದ ಹೋರಾಟ, ಸಂತೆಯ ದನದ ದರ, ಇವೆಲ್ಲ ಒಳಪುಟದ ಎರಡು ಕಾಲಂ ಸುದ್ದಿಗಳೇ. ಬೆಂಗಳೂರಿನ ಆವೃತ್ತಿಯಲ್ಲಿ ಹುಡುಕಿದರೆ ಸಿಗುವ ಮಾತಲ್ಲ. ಗೋಕಾಕ ತಾಲ್ಲೂಕಿನ ಮಲಾಮರಡಿಯ ಬಸವರಾಜ ಕಟ್ಟೀಮನಿ ಕಾದಂಬರಿಕಾರರಷ್ಟೇ ಅಲ್ಲ, ಪತ್ರಕರ್ತರೂ ಆಗಿದ್ದರು. ಕಾದಂಬರಿಗಳು ಮರುಮುದ್ರಣವಾಗುತ್ತವೆ. ಪತ್ರಿಕೆಗೆ ಬರೆದದ್ದು ಪತ್ರಿಕೆ ಉಳಿದರೆ ಮಾತ್ರ ಉಂಟು. (ಪತ್ರಿಕೋದ್ಯಮ ಓದಿದ ನಾವೇ ನಮ್ಮ ತಾಲ್ಲೂಕಿನ ಹಳೇ ವರದಿ ಎಷ್ಟು ಓದಿದ್ದೇವೆ, ಕೇಳಿಕೊಳ್ಳೋಣ.)

ಅಮೆರಿಕದ ಬಿಲ್ ಬ್ಲ್ಯಾಕ್‌ಬಿಯರ್ಡ್ ಕಥೆಯನ್ನು ಸಂಗ್ರಾಹಕರು ಹೆಮ್ಮೆಯಿಂದ ಹೇಳುತ್ತಾರೆ. ಮೈಕ್ರೋಫಿಲ್ಮ್ ಬಂತೆಂದು ಗ್ರಂಥಾಲಯಗಳು ಪತ್ರಿಕೆಗಳ ಸಂಪುಟಗಳನ್ನು ಹೊರಹಾಕುತ್ತಿದ್ದಾಗ ಆತ ಅವನ್ನು ಮನೆಗೆ ಹೊತ್ತು ತಂದ. ಕೊನೆಗೆ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋದದ್ದು 75 ಟನ್. ಆತನೂ ಕತ್ತರಿ ಆಡಿಸಿದ, ಒಪ್ಪಿದೆ. ಆದರೆ ಅಲ್ಲಿ ಮೈಕ್ರೋಫಿಲ್ಮಾದರೂ ಇತ್ತು. ನಮ್ಮ ತಾಲ್ಲೂಕಿನ ಪುಟಗಳಿಗೆ ಏನಿದೆ? 2019ರ ಆಗಸ್ಟಿನಲ್ಲಿ ಘಟಪ್ರಭೆ ಗೋಕಾಕದ ಮನೆಗಳಿಗೆ ನುಗ್ಗಿದಾಗ ಟ್ರಂಕಿನಲ್ಲಿದ್ದ ಕಾಗದಪತ್ರಗಳನ್ನೂ ಬಿಡಲಿಲ್ಲ.

‘ಮೊಬೈಲಿನಲ್ಲಿ ಫೋಟೊ ತಗೊಂಡ್ರ ಮುಗೀತಲ್ಲ’ ಅನ್ನುವವರಿದ್ದಾರೆ. ತಗೊಳ್ಳಿ, ಎಲ್ಲ ಪುಟಗಳದ್ದೂ ತಗೊಳ್ಳಿ. ಆಮೇಲೂ ಸಂಚಿಕೆಯನ್ನು ಇಡಿಯಾಗಿಡಿ. ಸೆಲ್ಲೊಟೇಪ್ ಹಚ್ಚಬೇಡಿ, ಲ್ಯಾಮಿನೇಷನ್ ಅಂತೂ ಬೇಡ. ಬಿಸಿಲು ತಾಗದ ಕಡೆ, ನೆಲಕ್ಕೆ ತಾಗದಂತೆ ಮಲಗಿಸಿಡಿ.

ಗ್ರಂಥಾಲಯಗಳದ್ದೂ ತಪ್ಪಿದೆ. ಆಸ್ತಿ ತೆರಿಗೆಯ ಜೊತೆ ನಾವು ಗ್ರಂಥಾಲಯ ಕರ ಕಟ್ಟುತ್ತೇವೆ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಡೆ ಸ್ಥಳೀಯ ಆವೃತ್ತಿಯ ಒಂದೊಂದು ಪ್ರತಿಯನ್ನು ವರ್ಷವಾರು ಬೈಂಡ್ ಮಾಡಿಸಿ, ಹೊಳೆಯ ನೀರು ಮುಟ್ಟದ ಮೇಲಿನ ಮಹಡಿಯಲ್ಲಿ ಇಡಲಿ. ರದ್ದಿ ಹರಾಜಿಗೆ ಮೊದಲು ನೋಟಿಸ್ ಬೋರ್ಡಿಗೆ ಪಟ್ಟಿ ಹಚ್ಚಲಿ. ಕಾಮಿಕ್ಸ್ ಸಂಗ್ರಾಹಕರೇ ಮೊದಲ ಅರ್ಜಿ ಕೊಟ್ಟರೆ ಎರಡನೆಯ ಸಹಿ ನನ್ನದು.