ಬೋಲ್ಟು ತುರುಕಿದ ಪೈಪು, ಗುಜರಿ ಸೇರುವ ಕಾರು

ಅಂಬಾಜಿದುರ್ಗದ ಸುತ್ತಮುತ್ತ ಇವತ್ತಿಗೂ ಓಡುತ್ತಿರುವ ಹಳೇ ಮಾರುತಿ 800ರ ಬಾನೆಟ್ ಎತ್ತಿ ನೋಡಿ. ಓಮ್ನಿಯಾದರೆ ಮುಂದಿನ ಸೀಟು ಎತ್ತಿ ನೋಡಿ. ಕಾರ್ಬೊರೇಟರ್ ಪಕ್ಕದಿಂದ ಹೊರಡುವ ಪೆನ್ಸಿಲ್ ದಪ್ಪದ ಕಪ್ಪು ರಬ್ಬರ್ ಪೈಪುಗಳಲ್ಲಿ ಒಂದಾದರೂ ಅರ್ಧಕ್ಕೆ ಕತ್ತರಿಸಿರುತ್ತದೆ, ಅದರ ಬಾಯಿಗೆ ಒಂದು ಬೋಲ್ಟು ತುರುಕಿರುತ್ತದೆ. ನಾವು ನೋಡಿದ ಕಾರುಗಳಲ್ಲಿ ಇದು ಅಪರೂಪವಲ್ಲ, ಮಾಮೂಲು. ಈ ಬೋಲ್ಟಿನ ಮೇಲೇ ನಮ್ಮ ಜಗಳ.

ಆ ಪೈಪುಗಳಿಗೆ ವ್ಯಾಕ್ಯೂಮ್ ಪೈಪು ಅನ್ನುತ್ತಾರೆ. ಪಿಸ್ಟನ್ ಕೆಳಗೆ ಇಳಿಯುವಾಗ ಗಾಳಿಯನ್ನು ಎಳೆಯುತ್ತದೆ. ಆಕ್ಸಿಲರೇಟರ್ ತುಳಿಯದಿದ್ದಾಗ ಕಾರ್ಬೊರೇಟರಿನ ಬಾಗಿಲು ಹೆಚ್ಚುಕಡಿಮೆ ಮುಚ್ಚಿರುವುದರಿಂದ ಒಳಗೆ ಜೋರಾದ ಎಳೆತ ಹುಟ್ಟುತ್ತದೆ. ಎಳನೀರಿನ ಸ್ಟ್ರಾ ಬಾಯಿಯನ್ನು ಬೆರಳಲ್ಲಿ ಮುಚ್ಚಿ ಎಳೆದ ಹಾಗೆ. ಈ ಎಳೆತವನ್ನು ಪೈಪಿನಲ್ಲಿ ಒಯ್ದು ಎಂಜಿನ್ ಬೇರೆ ಬೇರೆ ಕೆಲಸ ಮಾಡಿಸಿಕೊಳ್ಳುತ್ತದೆ. ಒಂದು ಪೈಪು ಡಿಸ್ಟ್ರಿಬ್ಯೂಟರಿಗೆ ಹೋಗಿ ಕಿಡಿ ಹೊಡೆಯುವ ಸಮಯವನ್ನು ಹಿಂದೆ ಮುಂದೆ ಮಾಡುತ್ತದೆ. ಬೂಸ್ಟರ್ ಇರುವ ಕಾರಿನಲ್ಲಿ ಇನ್ನೊಂದು ದಪ್ಪ ಪೈಪು ಬ್ರೇಕಿಗೆ ಹೋಗುತ್ತದೆ.

ರಬ್ಬರಿಗೂ ವಯಸ್ಸಾಗುತ್ತದೆ. ಎಂಜಿನ್ ಬಿಸಿಗೆ, ಎಣ್ಣೆ ಆವಿಗೆ ಅದು ಮೊದಲು ಗಟ್ಟಿಯಾಗಿ ಆಮೇಲೆ ತುದಿಯಲ್ಲಿ ಸೀಳುತ್ತದೆ. ಕೆಎ-07 ನಂಬರ್ ಹೊತ್ತ ನಮ್ಮ ಕಡೆಯ ಎಷ್ಟೋ ಕಾರುಗಳು 2007ರಲ್ಲಿ ಹುಟ್ಟಿದ ಚಿಕ್ಕಬಳ್ಳಾಪುರ ಜಿಲ್ಲೆಗಿಂತ ಹಳೆಯವು. ಅವುಗಳ ಟೈರು ನಾಲ್ಕು ಸಲ ಬದಲಾಗಿದೆ, ಬ್ಯಾಟರಿ ಆರು ಸಲ. ಈ ಪೈಪುಗಳನ್ನು ಯಾರೂ ಮುಟ್ಟಿಲ್ಲ.

ಸೀಳಿದ ಪೈಪಿನಿಂದ ಲೆಕ್ಕಕ್ಕಿಲ್ಲದ ಗಾಳಿ ಒಳಗೆ ನುಗ್ಗುತ್ತದೆ. ಪೆಟ್ರೋಲು ಅಷ್ಟೇ, ಗಾಳಿ ಜಾಸ್ತಿ. ಐಡ್ಲಿಂಗ್ ನಿಲ್ಲುವುದಿಲ್ಲ, ಸಿಗ್ನಲ್ಲಿನಲ್ಲಿ ಗಾಡಿ ಕಟ್ ಆಗುತ್ತದೆ, ಮಿಸ್ಸಿಂಗ್ ಹೊಡೆಯುತ್ತದೆ. ಗ್ಯಾರೇಜಿಗೆ ಒಯ್ದರೆ ಮೊದಲ ಮಾತು, "ಅಣ್ಣಾ, ಕಾರ್ಬೊರೇಟರ್ ಹೋಗಿದೆ." ಸ್ವಲ್ಪ ಧೈರ್ಯ ಇರುವವರಾದರೆ, "ಎಂಜಿನ್ನೇ ಬಿಚ್ಚಬೇಕು ಅಣ್ಣಾ. ಈ ಗಾಡಿಗೆ ಅಷ್ಟು ಹಾಕೋದು ದಂಡ. ಗುಜರಿಗೆ ಹಾಕ್ಬಿಡಿ."

ಇಷ್ಟು ಹೇಳುವ ಮುಂಚೆ ಪೈಪು ನೋಡಿದ್ದೀರಾ ಎಂದು ಕೇಳುವವರು ಕಡಿಮೆ. ನೋಡಿದರೂ ಬೋಲ್ಟು ಬರುತ್ತದೆ. ಬೋಲ್ಟಿನ ಮೋಸ ಇಲ್ಲೇ ಇರುವುದು. ಡಿಸ್ಟ್ರಿಬ್ಯೂಟರ್ ಪೈಪಿಗೆ ಬೋಲ್ಟು ತುರುಕಿದ ಕೂಡಲೇ ಸೋರಿಕೆ ನಿಲ್ಲುತ್ತದೆ, ಐಡ್ಲಿಂಗ್ ನೆಟ್ಟಗಾಗುತ್ತದೆ, ಮಾಲೀಕ ಸಂತೋಷದಿಂದ ಕಾಸು ಕೊಟ್ಟು ಬರುತ್ತಾನೆ. ಆದರೆ ರೋಡಿಗೆ ಇಳಿದ ಮೇಲೆ ಕಿಡಿ ಎಷ್ಟು ಮುಂಚೆ ಹೊಡೆಯಬೇಕಿತ್ತೋ ಅಷ್ಟು ಮುಂಚೆ ಹೊಡೆಯುವುದಿಲ್ಲ. ಮೈಲೇಜು ಇಳಿಯುತ್ತದೆ, ಎಂಜಿನ್ ಬಿಸಿಯಾಗುತ್ತದೆ, ಪಿಕಪ್ ಇರುವುದಿಲ್ಲ. ಆರು ತಿಂಗಳು ಬಿಟ್ಟು ಅದೇ ಗ್ಯಾರೇಜಿಗೆ ಹೋದರೆ, "ಹೇಳಿದ್ನಲ್ಲಾ ಅಣ್ಣಾ, ಎಂಜಿನ್ನು ಮುಗೀತು ಅಂತ."

ಬೋಲ್ಟಿಗೊಬ್ಬ ತಮ್ಮನೂ ಇದ್ದಾನೆ: ಡ್ರಿಪ್ಪಿನ ಪೈಪು. ಟೊಮೆಟೊ ಹೊಲ ಇರುವ ಮನೆಯಲ್ಲಿ ಅದಕ್ಕೇನು ಬರ. ಗಿಡದ ಬುಡಕ್ಕೆ ನೀರು ಬಿಡುವ ಸಣ್ಣ ಟ್ಯೂಬು ಅಳತೆಗೆ ಸರಿಹೊಂದುತ್ತದೆ ಅಂತ ಸಿಕ್ಕಿಸಿಬಿಡುತ್ತಾರೆ. ಅದು ಮಾಡಿರುವುದು ತಣ್ಣನೆ ನೀರನ್ನು ಹೊರಗೆ ದಬ್ಬುವುದಕ್ಕೆ. ಬಿಸಿ ಎಂಜಿನ್ ಪಕ್ಕದಲ್ಲಿ ಅದು ಮೆತ್ತಗಾಗಿ, ಒಳಗಿನ ಎಳೆತಕ್ಕೆ ಚಪ್ಪಟೆಯಾಗಿ ಅಂಟಿಕೊಳ್ಳುತ್ತದೆ. ಹೊರಗಿಂದ ನೋಡಿದರೆ ಪೈಪು ಇದೆ, ಒಳಗೆ ದಾರಿ ಇಲ್ಲ.

ಮಾಲೀಕರಾದ ನಮ್ಮನ್ನೂ ಬಿಡುವ ಹಾಗಿಲ್ಲ. ಬೆಳಿಗ್ಗೆ ಚೋಕ್ ಎಳೆದು ಸ್ಟಾರ್ಟ್ ಮಾಡಿದವರು ಚಿಂತಾಮಣಿ ಮಾರ್ಕೆಟ್ಟಿನವರೆಗೂ ಅರ್ಧ ಚೋಕಿನಲ್ಲೇ ಹೋಗುತ್ತಾರೆ. "ಇಲ್ಲಾಂದ್ರೆ ನಿಂತೋಗುತ್ತೆ" ಅನ್ನುತ್ತಾರೆ. ಚೋಕ್ ಎಳೆದರೆ ಪೆಟ್ರೋಲು ಜಾಸ್ತಿ ಬೀಳುತ್ತದೆ, ಕಳ್ಳಗಾಳಿಗೆ ಸರಿದೂಗುತ್ತದೆ, ಅಷ್ಟೇ. ತೂತಾದ ಬಿಂದಿಗೆಗೆ ಎರಡು ನಲ್ಲಿ ಬಿಟ್ಟ ಹಾಗೆ. ಪ್ಲಗ್ಗು ಕಪ್ಪಾಗುತ್ತದೆ, ಎಮಿಷನ್ ಟೆಸ್ಟಿನಲ್ಲಿ ಗಾಡಿ ಫೇಲಾಗುತ್ತದೆ. ಬಿಎಸ್-2ಕ್ಕಿಂತ ಹಿಂದಿನ ಪೆಟ್ರೋಲ್ ಕಾರಿಗೆ ಇರುವ ಮಿತಿ ತೀರಾ ಬಿಗಿಯೇನಲ್ಲ: ಕಾರ್ಬನ್ ಮೊನಾಕ್ಸೈಡ್ ನೂರಕ್ಕೆ 3, ಹೈಡ್ರೋಕಾರ್ಬನ್ 1,500 ಪಿಪಿಎಂ. ಸರಿಯಾಗಿ ಉಸಿರಾಡುವ ಹಳೇ ಎಂಜಿನ್ ಅದರೊಳಗೆ ಇರುತ್ತದೆ.

ಇನ್ನೊಂದು ವಿಷಯ ನಮ್ಮ ಎತ್ತರದ್ದು. ಕೆಲವು ಗ್ಯಾರೇಜಿನಲ್ಲಿ ವ್ಯಾಕ್ಯೂಮ್ ಗೇಜ್ ಇರುತ್ತದೆ, ಒಳ್ಳೆಯದೇ. ಐಡ್ಲಿಂಗಿನಲ್ಲಿ 17ರಿಂದ 21 ಇಂಚು ತೋರಿಸಬೇಕು ಎಂದು ಪುಸ್ತಕ ಹೇಳುತ್ತದೆ. ಆದರೆ ಆ ಲೆಕ್ಕ ಸಮುದ್ರ ಮಟ್ಟದ ಊರಿನದು. ಪ್ರತಿ 300 ಮೀಟರ್ ಮೇಲಕ್ಕೆ ಹೋದಂತೆ ಸುಮಾರು ಒಂದು ಇಂಚು ಕಡಿಮೆ ಬರುತ್ತದೆ. ಚಿಂತಾಮಣಿ ಇರುವುದೇ 800 ಮೀಟರಿಗೂ ಮೇಲೆ. ಇಲ್ಲಿ ಎರಡೂವರೆ ಇಂಚು ಕಡಿಮೆ ಕಾಣುವುದು ಸಹಜ. ಅದನ್ನು ತೋರಿಸಿ "ರಿಂಗು ಹೋಗಿದೆ" ಅಂದರೆ ನಂಬಬೇಡಿ. ನೋಡಬೇಕಾದ್ದು ಮುಳ್ಳು ಒಂದೇ ಕಡೆ ನಿಂತಿದೆಯೋ ಕುಣಿಯುತ್ತಿದೆಯೋ ಎನ್ನುವುದನ್ನು.

ಇಲ್ಲಿಯವರೆಗೂ ಕಾಸಿನ ಮಾತು. ಬ್ರೇಕಿನದು ಹಾಗಲ್ಲ.

ಬೂಸ್ಟರ್ ಪೈಪು ಸೀಳಿದರೆ ಬ್ರೇಕು ಪೂರ್ತಿ ಹೋಗುವುದಿಲ್ಲ, ಪೆಡಲು ಕಲ್ಲಾಗುತ್ತದೆ. ಮೊದಲು ಬೆರಳಲ್ಲಿ ಒತ್ತಿದಂತೆ ಇದ್ದದ್ದಕ್ಕೆ ಈಗ ಎದ್ದು ನಿಂತು ತುಳಿಯಬೇಕು. ಡೀಸೆಲ್ ಗಾಡಿಗಳಲ್ಲಿ ಎಂಜಿನ್ನಿಗೆ ಆ ಎಳೆತ ಇಲ್ಲದ ಕಾರಣ ಬೇರೆ ವ್ಯಾಕ್ಯೂಮ್ ಪಂಪು ಇಟ್ಟಿರುತ್ತಾರೆ. ಹಳೇ ಸುಮೋ, ಬೊಲೆರೊದಂಥ ಅನೇಕ ಗಾಡಿಗಳಲ್ಲಿ ಅದು ಆಲ್ಟರ್ನೇಟರ್ ಬೆನ್ನಿಗೇ ಅಂಟಿರುತ್ತದೆ. ಇಂಥ ಗಾಡಿಗಳಲ್ಲೇ ನಾವು ಕೈವಾರಕ್ಕೆ, ಮುರುಗಮಲ್ಲಕ್ಕೆ ಮನೆಮಂದಿಯನ್ನೆಲ್ಲ ತುಂಬಿಕೊಂಡು ಹೋಗುವುದು. ನಂದಿ ಬೆಟ್ಟದಿಂದ ಇಳಿಯುವಾಗ ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿ ಎಂಜಿನ್ ಆಫ್ ಮಾಡುವ ಜಾಣರೂ ಇದ್ದಾರೆ. ಎಂಜಿನ್ ನಿಂತರೆ ಎಳೆತವೂ ನಿಂತಿತು. ಬೂಸ್ಟರಿನಲ್ಲಿ ಉಳಿದದ್ದು ಒಂದೆರಡು ತುಳಿತಕ್ಕೆ ಮಾತ್ರ, ಅದೂ ಪೈಪು ಗಟ್ಟಿ ಇದ್ದರೆ.

ಇದನ್ನು ಓದುತ್ತಿರುವವರು ಈಗಲೇ ಹೋಗಿ ನೋಡಬಹುದು. ಗಾಡಿ ಸಮತಟ್ಟಾದ ಜಾಗದಲ್ಲಿರಲಿ, ನ್ಯೂಟ್ರಲ್ ಮಾಡಿ ಹ್ಯಾಂಡ್ ಬ್ರೇಕ್ ಎಳೆದಿರಿ. ಎಂಜಿನ್ ಆಫ್ ಇರುವಾಗ ಬ್ರೇಕನ್ನು ನಾಲ್ಕೈದು ಸಲ ಒತ್ತಿ, ಗಟ್ಟಿಯಾಗುತ್ತದೆ. ಕಾಲು ತೆಗೆಯದೆ ಸ್ಟಾರ್ಟ್ ಮಾಡಿ. ಪೆಡಲು ಸ್ವಲ್ಪ ಕೆಳಗೆ ಇಳಿಯಬೇಕು. ಇಳಿಯದಿದ್ದರೆ ಪೈಪು, ವಾಲ್ವು, ಪಂಪು, ಬೂಸ್ಟರ್ ಇವುಗಳಲ್ಲಿ ಒಂದು ಕೈಕೊಟ್ಟಿದೆ. ಆ ಗಾಡಿ ಗ್ಯಾರೇಜಿಗೆ ಬಿಟ್ಟು ಬೇರೆಲ್ಲಿಗೂ ಹೋಗಬಾರದು.

ಸರ್ಕಾರದ್ದು ಇನ್ನೊಂದು ಕಥೆ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 600 ರೂಪಾಯಿ ಇತ್ತು. 2022ರ ಏಪ್ರಿಲ್ 1ರಿಂದ 5,000 ಆಯಿತು. 20 ವರ್ಷ ದಾಟಿದ್ದಕ್ಕೆ 2025ರಲ್ಲಿ 10,000 ಮಾಡಿದರು. ಬಂಕಿನಲ್ಲಿ ಈಗ ಸಿಗುವುದು ನೂರಕ್ಕೆ 20 ಪಾಲು ಎಥೆನಾಲ್ ಬೆರೆಸಿದ ಪೆಟ್ರೋಲು, ಬೇಡ ಅನ್ನುವ ಆಯ್ಕೆ ನಮಗಿಲ್ಲ. ಕೆಲವು ಹಳೇ ಗಾಡಿಗಳಲ್ಲಿ 20ರಿಂದ 30 ಸಾವಿರ ಕಿಲೋಮೀಟರ್ ಓಡಿದ ಮೇಲೆ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು, ಅದಕ್ಕೆ ಹೆಚ್ಚು ಖರ್ಚಿಲ್ಲ, ಮಾಮೂಲಿ ಸರ್ವೀಸಿನಲ್ಲೇ ಮಾಡಿಸಬಹುದು ಎಂದು 2025ರ ಆಗಸ್ಟಿನಲ್ಲಿ ಪೆಟ್ರೋಲಿಯಂ ಸಚಿವಾಲಯವೇ ಹೇಳಿತು. ಹೆಚ್ಚು ಖರ್ಚಿಲ್ಲ ಅನ್ನುವುದು ನಿಜ. ಆದರೆ ದೆಹಲಿಯವರ "ಮಾಮೂಲಿ ಸರ್ವೀಸ್" ನಮ್ಮ ಕಡೆ ಅಂದರೆ ಆಯಿಲ್ ಬದಲಿಸಿ ನೀರು ಹೊಡೆಯುವುದು. ಹೊಸ ಗಾಡಿ ಕೊಳ್ಳಿ ಎಂದು ಫೀಸಿನಿಂದ ದಬ್ಬುವವರು, ಹಳೇ ಗಾಡಿಯ ಯಾವ ರಬ್ಬರ್ ಬದಲಿಸಬೇಕು ಎಂದು ಕನ್ನಡದಲ್ಲಿ ಒಂದು ಪುಟ ಅಚ್ಚು ಹಾಕಿ ಬಂಕಿನಲ್ಲಿ ಅಂಟಿಸಬಹುದಿತ್ತು.

ನಮ್ಮ ಬಳಗದವರ ಒಂದು ಹಳೇ 800ಕ್ಕೆ ಎಲ್ಲ ಸಣ್ಣ ಪೈಪುಗಳನ್ನೂ ಒಟ್ಟಿಗೆ ಬದಲಿಸಿದಾಗ ಪೈಪು, ಕ್ಲಿಪ್ಪು ಸೇರಿ ಐನೂರು ರೂಪಾಯಿ ದಾಟಲಿಲ್ಲ. ಅದೇ ಕಾರಿಗೆ ಒಂದು ಗ್ಯಾರೇಜಿನಲ್ಲಿ ಹೊಸ ಕಾರ್ಬೊರೇಟರ್ ಹಾಕಿ ಎಂದಿದ್ದರು.

ಕೆಲಸ ಕಷ್ಟದ್ದಲ್ಲ, ತಾಳ್ಮೆಯದು. ಎಂಜಿನ್ ಓಡುವಾಗ ಸ್ಪ್ರೇ ಬಾಟಲಿಯಲ್ಲಿ ಪೈಪಿನ ಮೇಲೆ ಸ್ವಲ್ಪ ನೀರು ಚಿಮುಕಿಸಿ, ವೈರು ಮತ್ತು ಪ್ಲಗ್ಗು ಬಿಟ್ಟು. ಐಡ್ಲಿಂಗ್ ಬದಲಾದ ಜಾಗದಲ್ಲೇ ಸೀಳಿದೆ. ಪೆಟ್ರೋಲು ಹಾಕಿ ನೋಡುವ ಅಭ್ಯಾಸ ಕೆಲವರಿಗಿದೆ, ಬಿಸಿ ಎಂಜಿನ್ ಮೇಲೆ ಅದು ಬೆಂಕಿಯ ಆಟ. ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಫೋಟೊ ಹೊಡೆದುಕೊಳ್ಳಿ. ಒಂದು ಬಿಚ್ಚಿ, ಒಂದು ಹಾಕಿ, ಆಮೇಲೆ ಮುಂದಿನದು. ಗಟ್ಟಿಯಾದ ಪೈಪನ್ನು ಜಗ್ಗಿದರೆ ಕೆಳಗಿನ ಪ್ಲಾಸ್ಟಿಕ್ ಮೂತಿ ಮುರಿಯುತ್ತದೆ. ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ ಸುಲಿಯಿರಿ. ಹೊಸದು ಒಳಅಳತೆಯಲ್ಲಿ ಹಳೆಯದಕ್ಕೆ ಸಮ ಇರಬೇಕು, ಎಣ್ಣೆ ಪೆಟ್ರೋಲು ತಡೆಯುವ ರಬ್ಬರ್ ಆಗಿರಬೇಕು. ನೋಡಲು ಚೆಂದ ಎಂದು ಬಣ್ಣದ ಸಿಲಿಕಾನ್ ಪೈಪು ಎಲ್ಲ ಕಡೆಗೂ ಹಾಕಿಸಬೇಡಿ, ಪೆಟ್ರೋಲ್ ಆವಿಗೆ ಅದು ಬಾಳುವುದಿಲ್ಲ. ಬ್ರೇಕಿನ ಪೈಪು ಮಾತ್ರ ಆ ಗಾಡಿಗೆಂದೇ ಮಾಡಿದ್ದನ್ನು ತನ್ನಿ, ಅದರ ವಾಲ್ವು ತಿರುಗುಮುರುಗು ಆಗಬಾರದು. ಎಲ್ಲ ಮುಗಿದ ಮೇಲೆ, ಹಿಂದೆ ಸೋರಿಕೆ ಮರೆಸಲು ತಿರುಗಿಸಿದ್ದ ಐಡ್ಲಿಂಗ್ ಸ್ಕ್ರೂವನ್ನು ಮತ್ತೆ ಹೊಂದಿಸಲೇಬೇಕು, ಇಲ್ಲದಿದ್ದರೆ ಎಂಜಿನ್ ಸುಮ್ಮನೆ ಕೂಗುತ್ತದೆ.

"ಎರಡು ಗಂಟೆ ಬಗ್ಗಿ ಪೈಪು ಬದಲಿಸಿದರೆ ಐವತ್ತು ರೂಪಾಯಿ ಕೊಡ್ತಾರೆ, ಕಾರ್ಬೊರೇಟರ್ ಬದಲಿಸಿದರೆ ಕೇಳಿದಷ್ಟು ಕೊಡ್ತಾರೆ, ನಾವೇನ್ ಮಾಡ್ಬೇಕು?" ಎಂದು ಒಬ್ಬ ಮೆಕ್ಯಾನಿಕ್ ನಮ್ಮನ್ನು ಕೇಳಿದ. ಅವನ ಮಾತಿನಲ್ಲಿ ಸುಳ್ಳಿಲ್ಲ. ಸಾಮಾನಿಗೆ ಚೌಕಾಸಿಯಿಲ್ಲದೆ ಕೊಟ್ಟು ಕೂಲಿಗೆ ಚೌಕಾಸಿ ಮಾಡುವವರು ನಾವೇ. ಅದಕ್ಕೇ ಪೈಪಿನ ದುಡ್ಡು ಬೇರೆ, ಎರಡು ಗಂಟೆಯ ಕೂಲಿ ಬೇರೆ ಎಂದು ಬಾನೆಟ್ ಎತ್ತುವ ಮುಂಚೆಯೇ ಮಾತಾಡಿಕೊಳ್ಳಿ, ಮರ್ಯಾದೆಯ ಕೂಲಿ ಕೊಡಿ. ಬರುವಾಗ ಬಿಚ್ಚಿದ ಹಳೇ ಪೈಪುಗಳನ್ನೆಲ್ಲ, ಬೋಲ್ಟು ಸಮೇತ, ಒಂದು ಕವರಿನಲ್ಲಿ ಹಾಕಿಸಿಕೊಂಡು ಬನ್ನಿ.