ಕೊಟ್ಟಿಗೆಗೂ ಬರುವ ಕರಡಿ ಮಾತು

ಸಹೋದರಿಯರೇ, ಟಿವಿ ವಾರ್ತೆಯಲ್ಲಿ ‘ಷೇರುಪೇಟೆಯಲ್ಲಿ ಕರಡಿ ಕುಣಿತ’ ಎನ್ನುವುದನ್ನು ನೀವು ಕೇಳಿರುತ್ತೀರಿ. ಬೆಲೆ ಏರುತ್ತದೆಂದು ನಂಬಿ ಕೊಳ್ಳುವವನು ಗೂಳಿ, ಇಳಿಯುತ್ತದೆಂದು ನಂಬಿ ಮಾರುವವನು ಕರಡಿ. ಗೂಳಿ ಕೊಂಬಿನಿಂದ ಮೇಲಕ್ಕೆ ಎತ್ತುತ್ತದೆ, ಕರಡಿ ಪಂಜದಿಂದ ಕೆಳಕ್ಕೆ ಬಡಿಯುತ್ತದೆ, ಅದಕ್ಕೇ ಈ ಹೆಸರು ಎನ್ನುವವರಿದ್ದಾರೆ. ಕೇಳಲು ಚೆನ್ನಾಗಿದೆ, ಆದರೆ ಮೂಲ ಬೇರೆ. ಕರಡಿ ಹಿಡಿಯುವ ಮೊದಲೇ ಅದರ ಚರ್ಮ ಮಾರಬೇಡ ಎಂಬ ಹಳೆಯ ಗಾದೆ ಯುರೋಪಿನಲ್ಲಿದೆ. 18ನೇ ಶತಮಾನದ ಆರಂಭದಲ್ಲಿ ಲಂಡನ್ನಿನಲ್ಲಿ, ಕೈಯಲ್ಲಿಲ್ಲದ ಷೇರನ್ನು ಮೊದಲು ಮಾರಿ, ಬೆಲೆ ಬಿದ್ದ ಮೇಲೆ ಕೊಂಡು ಒಪ್ಪಿಸುವವರಿಗೆ ಈ ಹೆಸರು ಅಂಟಿತು.

ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಪಕ್ಕದ ಮನೆಯಿಂದ ಹತ್ತು ಹೊರೆ ಹುಲ್ಲು ಕೈಗಡ ತಂದು ಇಂದೇ ಮಾರಿ, ಸುಗ್ಗಿಯಲ್ಲಿ ಅಗ್ಗವಾದಾಗ ಹತ್ತು ಹೊರೆ ಕೊಂಡು ವಾಪಸ್ ಕೊಟ್ಟ ಹಾಗೆ. ನಡುವೆ ಉಳಿದದ್ದು ಲಾಭ. ಬೆಲೆ ಏರಿಬಿಟ್ಟರೆ ಕೈ ಸುಟ್ಟಿತು! ಹಾಗಾಗಿ ಬೆಲೆ ಬೀಳಲಿ ಎಂಬುದೇ ಅವನ ಆಸೆ.

ಕರಡಿ ಮಾತು ಯಾವಾಗಲೂ ಸುಳ್ಳೆಂದಲ್ಲ. 2020ರ ಮಾರ್ಚ್ 23ರಂದು ಕೊರೊನಾ ಭಯದಲ್ಲಿ ಸೆನ್ಸೆಕ್ಸ್ ಒಂದೇ ದಿನ 3,900ಕ್ಕೂ ಹೆಚ್ಚು ಅಂಶ ಕುಸಿಯಿತು. ಅದೇ ವರ್ಷ ನವೆಂಬರಿನಲ್ಲಿ ಹಿಂದಿನ ದಾಖಲೆಯನ್ನೂ ದಾಟಿತು. ಇನ್ನೂ ಬೀಳುತ್ತದೆ ಎಂಬ ಮಾತಿಗೆ ಹೆದರಿ ಮಾರ್ಚಿನಲ್ಲಿ ಮಾರಿದವರದ್ದು ಹೋಯಿತು.

ಷೇರು ನಮಗೇಕೆ ಎನ್ನಬೇಡಿ. ಬೇಸಿಗೆಯಲ್ಲಿ ಮೇವು ತೀರುವ ಹೊತ್ತಿಗೆ ದಲ್ಲಾಳಿ ಬಂದು, ‘ಅಕ್ಕಾ, ಸಂತೇಲಿ ರೇಟೇ ಇಲ್ಲ, ಮುಂದಿನ ವಾರ ಇನ್ನೂ ಬೀಳುತ್ತೆ’ ಎನ್ನುತ್ತಾನಲ್ಲ, ಅದೂ ಕರಡಿ ಮಾತೇ. (ಪೇಟೆಯ ಅರ್ಥದಲ್ಲಿ ಅವನು ಪೂರ್ತಿ ಕರಡಿಯಲ್ಲ, ಕೊಳ್ಳುವವನು ಅವನೇ.) ರೇಟೇ ಇಲ್ಲದಿದ್ದರೆ ಬಿಸಿಲಲ್ಲಿ ನಿಮ್ಮ ಮನೆ ಹುಡುಕಿಕೊಂಡು ಏಕೆ ಬಂದ?

ಅವತ್ತೇ ಹಗ್ಗ ಬಿಚ್ಚಿ ಕೊಡಬೇಡಿ. ಹೋದ ಸಂತೆಯಲ್ಲಿ ಅಂಥದೇ ಹಸು ಎಷ್ಟಕ್ಕೆ ಹೋಯಿತೆಂದು ಮಾರಿದವರನ್ನೇ ಕೇಳಿ. ಗಬ್ಬವಾಗಿದೆಯೇ ಎಂದು ಪಶುವೈದ್ಯರಿಂದ ಪರೀಕ್ಷೆ ಮಾಡಿಸಿ. ಗಬ್ಬದ ಹಸುವಿನ ಬೆಲೆಯೇ ಬೇರೆ. ಇರುವುದೊಂದೇ ಹಸುವಾದರೆ ಡೇರಿಯ ಪಾಸ್‌ಬುಕ್ಕೇ ಸಾಕ್ಷಿ. ಎರಡು ಮೂರಿದ್ದರೆ, ಮಾರುವ ಹಸುವಿನ ಹಾಲನ್ನು ಒಂದು ವಾರ ಬೇರೆಯಾಗಿ ಅಳೆದು ಬರೆದಿಡಿ. ವ್ಯಾಪಾರಕ್ಕೆ ನಿಂತಾಗ ಅವನ ಸಂತೆಯ ಸುದ್ದಿಗಿಂತ ಮೊದಲು ನಿಮ್ಮ ಹಾಲಿನ ಲೆಕ್ಕ ಬರಲಿ. ಟವೆಲ್ ಕೆಳಗೆ ಬೆರಳು ಹಿಡಿಯುವ ವ್ಯಾಪಾರಕ್ಕೆ ಒಪ್ಪಬೇಡಿ. ಬೆಲೆಯನ್ನು ಬಾಯಿಬಿಟ್ಟು ಹೇಳಲಿ, ಮನೆಯವರೆಲ್ಲ ಕೇಳಲಿ.